ಎಂಜಾಯ್ ಯಾರದು, ಎಂಜಾಮಿ ಯಾರು?

1

ಹಾಡು ಯಾರದು ಎಂಬುದು ಕನ್ನಡ ವಿಮರ್ಶೆಯಲ್ಲಿ ಎಂದೂ ದೊಡ್ಡ ಪ್ರಶ್ನೆಯಾಗಲಿಲ್ಲ. ಪದ್ಯ ಬರೆದವನಿಗೆ ಹೆಸರಿದೆ, ಕಾದಂಬರಿ ಬರೆದವನಿಗೆ ಹೆಸರಿದೆ. ಹಾಡಿದವಳಿಗೆ ಮಾತ್ರ ಹೆಸರಿಲ್ಲ. 'ಜನಪದ' ಅಂತ ಒಂದು ಮಾತು ಬರೆದು ಮುಂದೆ ಹೋಗುವುದು ನಮ್ಮ ವಿದ್ವಾಂಸರ ವಾಡಿಕೆ. ಸೋಬಾನೆ ಹೇಳಿದ ಮುದುಕಿಯ ಹೆಸರು ಪುಸ್ತಕದ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಸಂಗ್ರಹಿಸಿದ ಮೇಷ್ಟರ ಹೆಸರು ರಕ್ಷಾಪುಟದ ಮೇಲೆ ದಪ್ಪಗೆ ಕೂತಿರುತ್ತದೆ. ಇದನ್ನು ಯಾರೂ ಕಳ್ಳತನ ಅನ್ನಲಿಲ್ಲ, ವಿದ್ವತ್ತು ಅಂದರು.

ಈಗ ಇದೇ ಪ್ರಶ್ನೆ ಪಕ್ಕದ ತಮಿಳುನಾಡಿನಿಂದ ಒಂದು ಪಾಪ್ ಹಾಡಿನ ವೇಷದಲ್ಲಿ ಬಂದು ನಮ್ಮ ಜಗಲಿ ಮೇಲೆ ಕೂತಿದೆ. ಪಾಪ್ ಹಾಡು ಅಂದ ಕೂಡಲೆ ಮೂಗು ಮುರಿಯುವ ಗೆಳೆಯರಿದ್ದಾರೆ. 'ಅದು ಬಂಡವಾಳಗಾರರ ಮನರಂಜನೆ, ಹುಡುಗರು ಕುಣಿಯೋಕೆ ಮಾಡಿದ್ದು, ಅದಕ್ಯಾಕ್ರೀ ವಿಮರ್ಶೆ' ಅಂತಾರೆ. ನಾವು ಹಾಗೆ ಅನ್ನಲಾರೆವು. 40 ಕೋಟಿಗೂ ಹೆಚ್ಚು ಸಲ ಜನ ತೆರೆದು ನೋಡಿದ ಹಾಡಿನೊಳಗೆ ಜಾತಿ ಹೇಗೆ ಕೆಲಸ ಮಾಡಿತು ಅನ್ನುವುದನ್ನು ನೋಡದ ವಿಮರ್ಶೆ, ಸಾವಿರ ಪ್ರತಿ ಅಚ್ಚಾದ ಕವನ ಸಂಕಲನದ ಪ್ರತಿಮೆಗಳನ್ನು ಎಣಿಸಿಕೊಂಡು ಕೂತರೆ ಅದು ಯಾರ ವಿಮರ್ಶೆ?

ಹಾಡಿನ ಹೆಸರು 'ಎಂಜಾಯ್ ಎಂಜಾಮಿ'. 2021ರ ಮಾರ್ಚ್ 7ರಂದು ಯೂಟ್ಯೂಬಿನಲ್ಲಿ ಬಿಡುಗಡೆಯಾಯಿತು. ಹಾಡಿದವರು ಧೀ ಮತ್ತು ಅರಿವು. ಮಾತು ಅರಿವು ಅವರದು. ಸಂಗೀತ ಕಟ್ಟಿ ನಿರ್ಮಿಸಿದವರು ಸಂತೋಷ್ ನಾರಾಯಣನ್. ಚಿತ್ರಿಸಿದವರು ಅಮಿತ್ ಕೃಷ್ಣನ್. ಹೊರತಂದದ್ದು ಮಾಜ್ಜಾ ಎಂಬ ಆಗತಾನೆ ಹುಟ್ಟಿದ ಸಂಸ್ಥೆ, ಎ. ಆರ್. ರೆಹಮಾನ್ ಅದರ ಬೆನ್ನಿಗೆ ನಿಂತಿದ್ದರು. ಸಿನಿಮಾ ಹಾಡೊಂದೇ ಹಾಡು ಎಂದು ನಂಬಿದ ತಮಿಳು ನೆಲದಲ್ಲಿ ಇದು ಯಾವ ಸಿನಿಮಾದ್ದೂ ಅಲ್ಲ. ನಾಯಕನಿಲ್ಲ, ನಾಯಕಿಯಿಲ್ಲ, ಕಥೆಯಿಲ್ಲ. ಆದರೂ ಕೆಲವೇ ವಾರಗಳಲ್ಲಿ ಕೋಟಿಗಟ್ಟಲೆ ಜನರ ಕಿವಿಗೆ ಬಿತ್ತು. ತಮಿಳು ಗೊತ್ತಿಲ್ಲದ ಬೆಂಗಳೂರಿನ ಹುಡುಗರೂ ಕೋಗಿಲೆ ಕೂಗಿನ ಆ ಪಲ್ಲವಿಯನ್ನು ಗುನುಗಿದರು.

2

ಮೊದಲು ಶಬ್ದ ನೋಡೋಣ. 'ಎಂಜಾಮಿ' ಅಂದರೆ 'ಎನ್ ಸಾಮಿ', ನನ್ನ ಸ್ವಾಮಿ. ಇದು ದೇವರಿಗೆ ಹೇಳುವ ಮಾತಷ್ಟೇ ಅಲ್ಲ. ಹೊಲವಿಲ್ಲದ ಕೂಲಿಯವನು ಹೊಲದ ಒಡೆಯನಿಗೆ ಹೇಳುತ್ತಾ ಬಂದ ಮಾತು. ನಮ್ಮ ಹಳೇ ಮೈಸೂರು ಸೀಮೆಯಲ್ಲಿ 'ಬುದ್ಧೀ, ಅಡ್ಬಿದ್ದೆ ಬುದ್ಧೀ' ಅನ್ನುವಂತೆ. ಆ 'ಬುದ್ಧಿ'ಯ ಒಳಗೆ ಎಷ್ಟು ತಲೆಮಾರಿನ ಬೆನ್ನು ಬಾಗಿದೆಯೋ 'ಎಂಜಾಮಿ'ಯೊಳಗೂ ಅಷ್ಟೇ ಬಾಗಿದೆ. ಆದರೆ ಕೇರಿಯ ಹೆಂಗಸರು ಆ ಮಾತನ್ನು ಗುಡಿಸಲ ಒಳಕ್ಕೆ ತಂದಾಗ ಅದರ ಅರ್ಥವನ್ನೇ ತಿರುಗಿಸಿದರು. ಮೊಮ್ಮಗನನ್ನು ತೊಡೆ ಮೇಲೆ ಕೂರಿಸಿಕೊಂಡು 'ನನ್ನ ಸಾಮಿ, ನನ್ನೊಡೆಯ' ಅಂದರು. ಹೊರಗೆ ದಣಿಗೆ ಸಲ್ಲಿಸಬೇಕಾದ ದೈನ್ಯ ಒಳಗೆ ಕೂಸಿಗೆ ಸಿಗುವ ಮುದ್ದಾಯಿತು. ಒಡೆಯನ ಕಿರೀಟ ಕಿತ್ತು ಕೇರಿಯ ಮಗುವಿನ ತಲೆಗೆ ಇಡುವ ಕೆಲಸ ಇದು. ಇದನ್ನು ಮಾಡಿದವರು ಅಕ್ಷರ ಬಾರದ ಅಜ್ಜಿಯರು. ಯಾವ ಸಾಹಿತ್ಯ ಚರಿತ್ರೆಯಲ್ಲೂ ಅವರ ಹೆಸರಿಲ್ಲ.

ಅರಿವು ಈ ಮಾತಿನ ಪಕ್ಕಕ್ಕೆ ಇಂಗ್ಲಿಷಿನ 'ಎಂಜಾಯ್' ಅನ್ನು ತಂದು ಕೂರಿಸಿದರು. ಎರಡೂ ಒಂದೇ ಸದ್ದು, ಎರಡು ಲೋಕ. ಒಂದು ಇವತ್ತಿನ ಪೇಟೆಯ ಮಾತು. 'ಎಂಜಾಯ್ ಮಾಡ್ರೋ' ಅನ್ನದ ಕನ್ನಡದ ಹುಡುಗನೂ ಇಲ್ಲ. ಇನ್ನೊಂದು ಗುಲಾಮಗಿರಿಯ ನೆನಪು ಹೊತ್ತ ಮಾತು. ಅನುಭವಿಸು ನನ್ನ ಸಾಮಿ, ಈ ನೆಲ ನೀರು ನಿನ್ನದು, ಎಂದು ಅಜ್ಜಿಯೊಬ್ಬಳು ಮೊಮ್ಮಗನಿಗೆ ಹೇಳುವ ಧಾಟಿ. ಹಾಡಿನ ಶಕ್ತಿಯೆಲ್ಲ ಈ ಎರಡು ಮಾತುಗಳ ಗಂಟಿನಲ್ಲಿದೆ. ಮುಂದೆ ಈ ಹಾಡಿಗೆ ಆದದ್ದನ್ನೆಲ್ಲ ಒಂದೇ ಮಾತಿನಲ್ಲಿ ಹೇಳಬಹುದು: ಮಾರುಕಟ್ಟೆ ಆ ಗಂಟು ಬಿಚ್ಚಿ, ಎಂಜಾಯ್ ತಗೊಂಡು ಎಂಜಾಮಿಯನ್ನು ಬಿಟ್ಟು ಹೋಯಿತು.

ಆ ಅಜ್ಜಿ ಕಲ್ಪನೆಯ ಅಜ್ಜಿಯಲ್ಲ. ಅರಿವು ಅವರ ಅಜ್ಜಿ ವಳ್ಳಿಯಮ್ಮಾಳ್ ಸಿಂಹಳದ ಚಹಾ ತೋಟದಲ್ಲಿ ದುಡಿದು ಹಿಂದಿರುಗಿದವರು. ಅವರ ಕಥೆ ತಿಳಿಯದೆ ಈ ಹಾಡು ತಿಳಿಯದು. 19ನೇ ಶತಮಾನದಲ್ಲಿ ಬ್ರಿಟಿಷರು ಮೊದಲು ಕಾಫಿಗೆ, ಆ ಕಾಫಿ ಗಿಡ ರೋಗ ಬಂದು ಸತ್ತ ಮೇಲೆ ಚಹಾಕ್ಕೆ, ತಮಿಳು ಜಿಲ್ಲೆಗಳ ಭೂಹೀನರನ್ನು ಸಿಂಹಳಕ್ಕೆ ಸಾಗಿಸಿದರು. ಹೀಗೆ ಹೋದವರಲ್ಲಿ ದಲಿತರು ದೊಡ್ಡ ಸಂಖ್ಯೆಯಲ್ಲಿದ್ದರು. ಕರೆದುಕೊಂಡು ಹೋದವನು ಕಂಗಾಣಿ, ಅಂದರೆ ಮೇಸ್ತ್ರಿ. ಸಾಲ ಕೊಟ್ಟು, ಆ ಸಾಲದ ಹಗ್ಗದಲ್ಲೇ ಕಟ್ಟಿ ಒಯ್ದವನು. ಮೊದಮೊದಲು ಹೋದವರು ಸಮುದ್ರ ದಾಟಿ, ಅಲ್ಲಿಂದ ಕಾಡಿನ ದಾರಿಯಲ್ಲಿ ನಡೆದೇ ಬೆಟ್ಟ ಹತ್ತಿದರು. ದಾರಿಯಲ್ಲಿ ಸತ್ತವರ ಲೆಕ್ಕ ಇಟ್ಟವರಿಲ್ಲ. ಅಲ್ಲಿ ಅವರಿಗೆ ಸಿಕ್ಕದ್ದು ಲೈನ್‌ಮನೆ. ಕೊಡಗು, ಚಿಕ್ಕಮಗಳೂರಿನ ತೋಟದ ಕೂಲಿಗಳಿಗೆ ಲೈನ್‌ಮನೆ ಅಂದರೇನು ಅಂತ ನಾವು ಹೇಳಿಕೊಡಬೇಕಾಗಿಲ್ಲ.

ಸ್ವಾತಂತ್ರ್ಯ ಬಂತು. ಸಿಂಹಳದ 1948ರ ಪೌರತ್ವ ಕಾಯ್ದೆ ಈ ಲಕ್ಷಾಂತರ ಜನರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಅಕ್ಟೋಬರ್ 30ರಂದು ಸಿರಿಮಾವೊ ಬಂಡಾರನಾಯಕೆ ಮತ್ತು ಲಾಲ್ ಬಹಾದ್ದೂರ್ ಶಾಸ್ತ್ರಿ ಒಪ್ಪಂದ ಮಾಡಿಕೊಂಡರು. 9,75,000 ಜನ. ಅದರಲ್ಲಿ 5,25,000 ಭಾರತಕ್ಕೆ, 3,00,000 ಸಿಂಹಳಕ್ಕೆ, ಉಳಿದ 1,50,000 ಆಮೇಲೆ ನೋಡೋಣ. 1974ರಲ್ಲಿ ಆ ಉಳಿದವರನ್ನೂ ಎರಡು ಸರ್ಕಾರಗಳು ಅರ್ಧರ್ಧ ಹಂಚಿಕೊಂಡವು. ದನದ ಜಾತ್ರೆಯಲ್ಲಿ ಜೋಡಿ ಎಣಿಸುವ ಹಾಗೆ ಎಣಿಸಿದರು. ಹೀಗೆ ಬಂದವರಲ್ಲಿ ಕೆಲವರನ್ನು ನೀಲಗಿರಿಯ ಸರ್ಕಾರಿ ಚಹಾ ತೋಟಗಳಿಗೆ ಕಳಿಸಿದರು. ಕೆಲವರು ನಮ್ಮ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಿಗೆ ಬಂದರು. ಇವತ್ತಿಗೂ ಅವರ ಮಕ್ಕಳು, ಮೊಮ್ಮಕ್ಕಳು ಅಲ್ಲಿದ್ದಾರೆ. ಆದ್ದರಿಂದ ಇದು ಹೊರಗಿನ ಹಾಡಲ್ಲ. ವಳ್ಳಿಯಮ್ಮಾಳ್ ಅವರಂಥ ಅಜ್ಜಿಯರು ನಮ್ಮ ಸುಳ್ಯದ ಬಸ್ಸಿನಲ್ಲೂ ಕೂತಿದ್ದಾರೆ. ನೋಡುವ ಕಣ್ಣು ಬೇಕು ಅಷ್ಟೆ.

ತೋಟ ಬೆಳೆಸಿದವರು, ತೋಟ ಹಸಿರಾದರೂ ತಮ್ಮ ಗಂಟಲು ಒಣಗಿಸಿಕೊಂಡೇ ಬದುಕಿದವರು. ಹಾಡಿನ ನಡುವೆ ಬರುವ ಒಪ್ಪಾರಿಯ ಧಾಟಿ ಈ ಬದುಕಿನಿಂದ ಬಂದದ್ದು. ಒಪ್ಪಾರಿ ಅಂದರೆ ಸಾವಿನ ಮನೆಯಲ್ಲಿ ಹೆಂಗಸರು ಎದೆ ಬಡಿದುಕೊಂಡು ಹಾಡುವ ಅಳುವಿನ ಪದ. ಸತ್ತವನ ಗುಣಗಾನ, ಉಳಿದವರ ಗೋಳು, ಊರ ದಣಿಗೆ ಹಾಕುವ ಶಾಪ, ಎಲ್ಲ ಅದರಲ್ಲೇ. ಬದುಕಿದ್ದಾಗ ಹೇಳಲಾಗದ್ದನ್ನು ಹೆಣದ ಮುಂದೆ ಹೇಳಬಹುದು, ಯಾಕೆಂದರೆ ಅಳುವವಳ ಬಾಯಿ ಮುಚ್ಚಿಸುವ ಧೈರ್ಯ ದಣಿಗೂ ಇಲ್ಲ. ನಮ್ಮ ಕೇರಿಗಳಲ್ಲೂ ಅಷ್ಟೆ. ಅತ್ತು ಹಾಡುವವಳೇ ನಮ್ಮ ಮೊದಲ ಬಂಡಾಯ ಕವಿ.

3

ಹಾಡನ್ನು ಹೊಗಳಿ ಮುಗಿಸುವುದು ವಿಮರ್ಶೆಯಲ್ಲ. ಇದರೊಳಗೇ ಒಂದು ತೊಡಕಿದೆ. ನೆಲ ನಮ್ಮ ಪೂರ್ವಜರು ಬಿಟ್ಟು ಹೋದದ್ದು, ಕಾಡು ಹೊಳೆ ಹಕ್ಕಿ ಎಲ್ಲ ನಮ್ಮದು, ಎಂದು ಈ ಹಾಡು ಸಂಭ್ರಮಿಸುತ್ತದೆ. ಯಾರ ಪೂರ್ವಜರು? ಯಾರಿಗೆ ಬಿಟ್ಟರು? ಚೆಂಗಲ್ಪಟ್ಟಿನ ಕಲೆಕ್ಟರ್ ಆಗಿದ್ದ ಟ್ರೆಮೆನ್‌ಹೀರ್ 1891ರಲ್ಲಿ ಪರೆಯರ ಬದುಕಿನ ಬಗ್ಗೆ ವರದಿ ಬರೆದ. ಅದರ ಮೇಲೆ 1892ರಲ್ಲಿ ಮದ್ರಾಸ್ ಸರ್ಕಾರ ದಲಿತರಿಗೆ ಸುಮಾರು 12 ಲಕ್ಷ ಎಕರೆ ಜಮೀನು ಗೊತ್ತು ಮಾಡಿತು. ಪಂಚಮಿ ಜಮೀನು ಅಂತ ಅದರ ಹೆಸರು. ಬೇರೆಯವರಿಗೆ ಮಾರುವ ಹಾಗಿಲ್ಲ ಎಂಬ ಷರತ್ತಿತ್ತು. ಆ ಜಮೀನಿನ ಬಹುಪಾಲು ಇವತ್ತು ದಲಿತರ ಕೈಲಿಲ್ಲ. ನಮ್ಮಲ್ಲಿ 1978ರಲ್ಲಿ ಪಿಟಿಸಿಎಲ್ ಕಾಯ್ದೆ ತಂದದ್ದೂ ಇದೇ ಕಾರಣಕ್ಕೆ. ಸರ್ಕಾರ ಕೊಟ್ಟ ಎರಡೆಕರೆ ಒಂದು ಹೆಂಡದ ಬಾಟಲಿಗೆ, ಒಂದು ಮದುವೆಯ ಸಾಲಕ್ಕೆ ಗೌಡನ ಪಾಲಾಗುತ್ತಿತ್ತು. ಕಾಯ್ದೆ ಬಂದ ಮೇಲೂ ಜಮೀನು ಬಿಡಿಸಿಕೊಳ್ಳಲು ಕೋರ್ಟಿನ ಮೆಟ್ಟಿಲು ಸವೆಸಿದ ಸಂಸಾರಗಳೆಷ್ಟು! 2023ರಲ್ಲಿ ಮತ್ತೆ ತಿದ್ದುಪಡಿ ಬೇಕಾಯಿತು.

ಹೀಗಿರುವಾಗ 'ನೆಲ ನಮ್ಮದು' ಎಂಬ ಸಂಭ್ರಮ ಎರಡು ರೀತಿ ಕೇಳುತ್ತದೆ. ಕಸಿದುಕೊಂಡದ್ದನ್ನು ಹಿಂದಕ್ಕೆ ಕೇಳುವವನ ಬಾಯಲ್ಲಿ ಅದು ಹಕ್ಕಿನ ಮಾತು. ಹತ್ತು ಎಕರೆ ಇರುವವನ ಬಾಯಲ್ಲಿ ಅದೇ ಮಾತು ಪ್ರಕೃತಿ ಸೌಂದರ್ಯ. ಬಣ್ಣಬಣ್ಣದ ಬಟ್ಟೆ, ಬಯಲು, ಕಾಡು, ಕುಣಿಯುವ ಗುಂಪು ತುಂಬಿದ ಆ ವಿಡಿಯೋ ಎರಡನೆಯ ಅರ್ಥಕ್ಕೆ ಬಾಗಿಲು ತೆರೆದಿಟ್ಟಿತು. ಕಣ್ಣಿಗೆ ತಂಪು, ಆದರೆ ಕೂಲಿಯವಳ ಬಿರಿದ ಕಾಲು ಆ ಬಣ್ಣದಲ್ಲಿ ಮರೆಯಾಗುತ್ತದೆ. ಇದಕ್ಕೂ ಎರಡು ವರ್ಷ ಮೊದಲು, 2019ರಲ್ಲಿ, ಅರಿವು 'ತೆರುಕುರಳ್' ಎಂಬ ಗುಚ್ಛ ತಂದಿದ್ದರು. ತಿರುಕ್ಕುರಳನ್ನು ತಿರುಚಿ 'ಬೀದಿಯ ದನಿ' ಎಂದು ಅರ್ಥ ಬರುವ ಹೆಸರು. ಅದರಲ್ಲಿನ 'ಆಂಟಿ ಇಂಡಿಯನ್' ನೇರ ಏಟಿನ ಹಾಡು. ಪಾ. ರಂಜಿತ್ ಮತ್ತು ಸಂಗೀತಗಾರ ತೆನ್ಮಾ ಕಟ್ಟಿದ 'ಕಾಸ್ಟ್‌ಲೆಸ್ ಕಲೆಕ್ಟಿವ್' ತಂಡದಲ್ಲೂ ಅರಿವು ಹಾಡಿದವರು. ಅಯೋತಿದಾಸ ಪಂಡಿತರು ಬಳಸಿದ 'ಜಾತಿಯಿಲ್ಲದ ತಮಿಳರು' ಎಂಬ ಮಾತಿನಿಂದ ಹೆಸರು ಪಡೆದ ಆ ತಂಡ 2018ರ ಜನವರಿಯಲ್ಲಿ ಚೆನ್ನೈನಲ್ಲಿ ಮೊದಲ ಸಲ ವೇದಿಕೆ ಹತ್ತಿತು. ಸಾವಿನ ಮನೆಯ ಗಾನಾ ಹಾಡು, ರ‍್ಯಾಪು, ಪರೆ, ಗಿಟಾರು ಎಲ್ಲ ಒಟ್ಟಿಗೆ. ಆ ಹಾಡುಗಳಲ್ಲಿ ಮೀಸಲಾತಿಯಿದೆ, ದನದ ಮಾಂಸವಿದೆ, ಮ್ಯಾನ್‌ಹೋಲಿನ ಸಾವಿದೆ. ಆ ಹಾಡುಗಳಿಗೆ ಯಾವ ಅಪಾರ್ಟ್‌ಮೆಂಟಿನ ಮಹಡಿ ಮೇಲೂ ಡ್ಯಾನ್ಸ್ ಕವರ್ ಹುಟ್ಟಲಿಲ್ಲ. ಯಾಕೆ ಅಂತ ಕೇಳಬೇಡವೇ?

4

ಈ ಕವರ್ ಕುಣಿತದ ವಿಷಯ ಸ್ವಲ್ಪ ನಿಂತು ನೋಡಬೇಕು. 2021ರ ಮಾರ್ಚ್ ಅಂದರೆ ಕೊರೋನಾದ ಎರಡನೇ ಅಲೆ ಏಳುತ್ತಿದ್ದ ಕಾಲ. ಜನ ಮನೆಯೊಳಗೆ. ಕೈಯಲ್ಲಿ ಫೋನು. ಅದಕ್ಕೂ ಮುಂಚೆ, 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ನಿಷೇಧಿಸಿತ್ತು. ಟಿಕ್‌ಟಾಕ್ ಒಳ್ಳೆಯದೋ ಕೆಟ್ಟದ್ದೋ ಆ ಮಾತು ಬೇರೆ. ಹಳ್ಳಿಯ ಕೂಲಿ ಹುಡುಗ, ಗಾರ್ಮೆಂಟ್ಸ್ ಹೆಣ್ಣುಮಗಳು ತಮ್ಮ ಕಪ್ಪು ಮೈ, ತಗಡಿನ ಮನೆ ಸಮೇತ ಹೆದರದೆ ಕುಣಿದ ಅಂಗಳ ಅದು. ಅದು ಮುಚ್ಚಿದ ಬೆನ್ನಿಗೇ ಇನ್‌ಸ್ಟಾಗ್ರಾಮ್ ರೀಲ್ಸ್ ಬಂತು. ಅಲ್ಲಿ ಗೋಡೆಯ ಬಣ್ಣ ಬೇರೆ, ಬೆಳಕು ಬೇರೆ. ಕೆಲವೇ ಸೆಕೆಂಡಿನ ಆಟ. ಆ ಕೆಲವು ಸೆಕೆಂಡಿಗೆ ಒಪ್ಪಾರಿ ಬೇಡ, ಕೋಗಿಲೆ ಕೂಗು ಸಾಕು. ಹಾಡಿನ ಅಜ್ಜಿಯನ್ನು ಕತ್ತರಿಸಿ ಹಾಡಿನ ಹಕ್ಕಿಯನ್ನು ಇಟ್ಟುಕೊಂಡರು. ನಟಿಯರು ಕುಣಿದರು, ನೃತ್ಯ ಶಾಲೆಯವರು ಕುಣಿದರು, ಮದುವೆಮನೆಯವರು ಕುಣಿದರು.

ಪೊಲೀಸರೂ ಕುಣಿದರು. 2021ರ ಏಪ್ರಿಲಿನಲ್ಲಿ ಕೇರಳ ಪೊಲೀಸರು ಇದೇ ಧಾಟಿಗೆ ಮಾಸ್ಕ್ ಹಾಕಿಕೊಂಡು ಕುಣಿದು ಕೊರೋನಾ ತಿಳುವಳಿಕೆ ವಿಡಿಯೋ ಮಾಡಿದರು. ಮೇ ತಿಂಗಳಲ್ಲಿ ಚೆನ್ನೈ ಸೆಂಟ್ರಲ್ ನಿಲ್ದಾಣದಲ್ಲಿ ರೈಲ್ವೆಯ ಮಹಿಳಾ ಪೊಲೀಸರು ಕುಣಿದರು. ಒಳ್ಳೆಯ ಉದ್ದೇಶವೇ. ಆದರೂ ನಮಗೆ ನಗು ಬರುತ್ತದೆ, ಆಮೇಲೆ ನಗು ಉಳಿಯುವುದಿಲ್ಲ. ಭೂಹೀನನ ಅಳು ಖಾಕಿಯ ಕಾಲಿಗೆ ತಾಳವಾದದ್ದು ಇದೇ ಮೊದಲಲ್ಲ. 2020ರ ಮಾರ್ಚಿನಲ್ಲಿ ಇದೇ ಕೇರಳ ಪೊಲೀಸರು ಕೈ ತೊಳೆಯುವ ವಿಡಿಯೋಗೆ ಬಳಸಿದ್ದು 'ಅಯ್ಯಪ್ಪನುಂ ಕೋಶಿಯುಂ' ಸಿನಿಮಾದ 'ಕಲಕ್ಕಾತ್ತ'. ಹಾಡಿದವರು ಅಟ್ಟಪ್ಪಾಡಿಯ ಆದಿವಾಸಿ ಹೆಂಗಸು ನಂಜಮ್ಮ. 2022ರಲ್ಲಿ ಆ ಹಾಡಿಗೆ ನಂಜಮ್ಮನಿಗೆ ರಾಷ್ಟ್ರಪ್ರಶಸ್ತಿ ಬಂದಾಗ, ಶಾಸ್ತ್ರೀಯವಾಗಿ ಕಲಿಯದವಳಿಗೆ ಪ್ರಶಸ್ತಿಯೇ ಎಂದು ಸಂಗೀತ ಲೋಕದಿಂದಲೇ ತಕರಾರು ಎದ್ದಿತು. ಹಾಡು ಬೇಕು, ಕುಣಿಯೋಕೆ ಬೇಕು. ಹಾಡಿದವಳು ಮಣೆ ಮೇಲೆ ಕೂತರೆ ಮಾತ್ರ ಹೊಟ್ಟೆ ಉರಿ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಅಳುವಿನ ಹಾಡಿಗೆ ಕುಣಿದರಲ್ಲಾ, ಎಂಥ ಅಪಚಾರ, ಎಂದು ನಾವು ಹೇಳುತ್ತಿಲ್ಲ. ಅದು ಮಡಿವಂತರ ತಕರಾರು. ನಮ್ಮ ಕೇರಿಯಲ್ಲಿ ಹೆಣ ಎತ್ತಿದರೆ ತಮಟೆ ಹೊಡೆಯುತ್ತಾರೆ, ತಮಟೆ ಹೊಡೆದರೆ ಕುಣಿಯುತ್ತಾರೆ. ಮಗ ಸತ್ತ ಅಪ್ಪನೂ ಎರಡು ಹೆಜ್ಜೆ ಹಾಕುತ್ತಾನೆ. ದುಃಖಕ್ಕೂ ಕುಣಿತಕ್ಕೂ ನಮ್ಮಲ್ಲಿ ಜಗಳವಿಲ್ಲ. ಹಾಸ್ಟೆಲಿನ ಮಕ್ಕಳು, ಊರಹಬ್ಬದ ಹುಡುಗರು ಈ ಹಾಡಿಗೆ ಕುಣಿದರೆ ನಮ್ಮ ಎದೆ ಉಬ್ಬುತ್ತದೆ. ನಮ್ಮ ಪ್ರಶ್ನೆ ಬೇರೆ. ಕೇರಿಯ ಕುಣಿತದಲ್ಲಿ ಸತ್ತವನು ಯಾರು ಅಂತ ಕುಣಿಯುವವನಿಗೆ ಗೊತ್ತಿರುತ್ತದೆ. ರೀಲ್ಸಿನ ಕುಣಿತದಲ್ಲಿ ಗೊತ್ತಿರುವುದಿಲ್ಲ.

5

ಈಗ ಹೆಸರಿನ ಕಥೆಗೆ ಬರೋಣ. 2021ರ ಆಗಸ್ಟಿನಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆಯ ಭಾರತೀಯ ಆವೃತ್ತಿ ತನ್ನ ಮುಖಪುಟದಲ್ಲಿ ಧೀ ಮತ್ತು ಶಾನ್ ವಿನ್ಸೆಂಟ್ ಡಿ ಪಾಲ್ ಅವರ ಚಿತ್ರ ಹಾಕಿತು. ಹೊಗಳಿದ್ದು 'ಎಂಜಾಯ್ ಎಂಜಾಮಿ' ಮತ್ತು 'ಸಾರ್ಪಟ್ಟ ಪರಂಬರೈ' ಸಿನಿಮಾದ 'ನೀಯೇ ಒಳಿ' ಹಾಡುಗಳನ್ನು. ಎರಡಕ್ಕೂ ಮಾತು ಬರೆಯುವಲ್ಲಿ ಅರಿವು ಕೈಯಿದೆ. ಮುಖಪುಟದಲ್ಲಿ ಅರಿವು ಇಲ್ಲ. ಹಾಡಿನ ಹೊಸ ರೀಮಿಕ್ಸನ್ನು ಫ್ರಾನ್ಸಿನ ಡಿಜೆ ಸ್ನೇಕ್ ಮಾಡಿದ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ದೊಡ್ಡ ಜಾಹೀರಾತು ಫಲಕ ಬೆಳಗಿತು. ಅಲ್ಲೂ ಅರಿವು ಇಲ್ಲ. ಪಾ. ರಂಜಿತ್ ಬಹಿರಂಗವಾಗಿಯೇ ಕೇಳಿದರು: ಅರಿವು ಮತ್ತೆ ಕಾಣದಾದದ್ದು ಹೇಗೆ? ಗದ್ದಲವಾದ ಮೇಲೆ ಪತ್ರಿಕೆ ಅರಿವು ಅವರ ಚಿತ್ರದ ಡಿಜಿಟಲ್ ಮುಖಪುಟ ಮಾಡಿತು. ಮನೆಯೊಳಗೆ ಊಟ ಮುಗಿದ ಮೇಲೆ ಹಿತ್ತಲಲ್ಲಿ ಎಲೆ ಹಾಕುವ ಕ್ರಮ ನಮಗೆ ಹೊಸದಲ್ಲ.

ಮರುವರ್ಷ, 2022ರ ಜುಲೈ 28ರಂದು ಚೆನ್ನೈನಲ್ಲಿ ಚೆಸ್ ಒಲಿಂಪಿಯಾಡ್ ಉದ್ಘಾಟನೆ. ವೇದಿಕೆಯಲ್ಲಿ ಧೀ ಮತ್ತು ಕಿಡಕ್ಕುಳಿ ಮಾರಿಯಮ್ಮಾಳ್ ಈ ಹಾಡು ಹಾಡಿದರು. ಅರಿವು ಇರಲಿಲ್ಲ. ಆಗ ಅವರು ಬಾಯಿಬಿಟ್ಟರು. ಹಾಡು ಕಟ್ಟಿದ್ದು, ಬರೆದದ್ದು, ಹಾಡಿದ್ದು ತಾನು. ಯಾರೂ ತನಗೆ ಒಂದು ರಾಗವನ್ನಾಗಲಿ ಒಂದು ಮಾತನ್ನಾಗಲಿ ಕೊಡಲಿಲ್ಲ. ಸುಮಾರು ಆರು ತಿಂಗಳು ನಿದ್ದೆಗೆಟ್ಟೆ, ಎಂದರು. ಸಂತೋಷ್ ನಾರಾಯಣನ್ ಉತ್ತರ ಕೊಟ್ಟರು. ಇದು ಮೂವರ ಕೂಡುಕೆಲಸ, ಆದಾಯ ಮತ್ತು ಒಡೆತನ ಮೂವರಿಗೂ ಸಮಪಾಲು, ಕಾರ್ಯಕ್ರಮದ ಹೊತ್ತಿಗೆ ಅರಿವು ಅಮೆರಿಕದಲ್ಲಿದ್ದರು ಎಂದರು. ಧೀ ಕೂಡ, ಅರಿವು ಅವರನ್ನು ತಾನೆಂದೂ ಮರೆಮಾಡಿಲ್ಲ ಎಂಬರ್ಥದ ಮಾತು ಹೇಳಿದರು.

ಸ್ಟುಡಿಯೋದೊಳಗೆ ಯಾವ ಸಂಜೆ ಯಾರ ಬಾಯಿಂದ ಯಾವ ಸ್ವರ ಹೊರಟಿತು ಎಂಬ ತೀರ್ಪು ಕೊಡುವ ನ್ಯಾಯಾಧೀಶರು ನಾವಲ್ಲ. ಸಂತೋಷ್ ಅಥವಾ ಧೀ ಅವರನ್ನು ಖಳರನ್ನಾಗಿ ನಿಲ್ಲಿಸಿ ಕಲ್ಲು ಹೊಡೆಯುವುದೂ ನಮ್ಮ ಕೆಲಸವಲ್ಲ. ಅವರ ಕಸುಬು ದೊಡ್ಡದು. 'ಕಾಲಾ'ದಂಥ ಸಿನಿಮಾಗಳಿಗೆ ಸಂಗೀತ ಕೊಟ್ಟ ಸಂತೋಷ್ ದಲಿತ ದನಿಗೆ ದ್ರೋಹಿ ಅಂದರೆ ಅದು ಸುಳ್ಳಾಗುತ್ತದೆ. ಆದರೆ ವ್ಯಕ್ತಿಗಳು ಒಳ್ಳೆಯವರಿದ್ದರೂ ವ್ಯವಸ್ಥೆ ತನ್ನ ಕೆಲಸ ಮಾಡುತ್ತದೆ. ಮುಖಪುಟಕ್ಕೆ ಯಾರ ಮುಖ ಒಪ್ಪುತ್ತದೆ, ಜಾಹೀರಾತು ಫಲಕದಲ್ಲಿ ಯಾರ ಮೈಬಣ್ಣ ಮಿಂಚುತ್ತದೆ ಎಂದು ನಿರ್ಧರಿಸಲು ಯಾರೂ ಸಭೆ ಸೇರಬೇಕಾಗಿಲ್ಲ. ಒಂದು ಸಲ ಬಿಟ್ಟುಹೋದರೆ ಮರೆವು ಅನ್ನಬಹುದು. ಮುಖಪುಟ, ಫಲಕ, ವೇದಿಕೆ, ಮೂರು ಕಡೆಯೂ ಅದೇ ಒಬ್ಬ ಮನುಷ್ಯ ಬಿಟ್ಟುಹೋದರೆ ಅದಕ್ಕೆ ಮರೆವು ಅನ್ನೋಕಾಗುತ್ತಾ?

ದುಡ್ಡಿನ ಕಥೆ ಇನ್ನೂ ವಿಚಿತ್ರ. 2024ರ ಮಾರ್ಚಿನಲ್ಲಿ, ಹಾಡಿಗೆ ಮೂರು ವರ್ಷ ತುಂಬಿದಾಗ, ಈ ಹಾಡಿನಿಂದ ತಮಗೆ ಇದುವರೆಗೆ ಒಂದು ಪೈಸೆ ಬಂದಿಲ್ಲ ಎಂದು ಸಂತೋಷ್ ನಾರಾಯಣನ್ ಅವರೇ ಹೇಳಿದರು. ರೆಹಮಾನ್ ಕೂಡ ಇದರಲ್ಲಿ ಏಟು ತಿಂದವರೇ ಎಂದರು. ಮಾಜ್ಜಾ ಸಂಸ್ಥೆ ಈ ಆರೋಪವನ್ನು ಒಪ್ಪದೆ ತನ್ನ ಹೇಳಿಕೆ ಕೊಟ್ಟಿತು. ಯಾರ ಲೆಕ್ಕ ಸರಿ ಎಂಬುದು ಲೆಕ್ಕದ ಪುಸ್ತಕ ತೆರೆದರೆ ತಿಳಿಯಬೇಕು. ನಮಗೆ ಕಾಣುವುದಿಷ್ಟು: 40 ಕೋಟಿ ಸಲ ಓಡಿದ ಹಾಡಿನ ಮೂವರು ಒಡೆಯರು ಹೆಸರಿಗಾಗಿ ಕಿತ್ತಾಡುತ್ತಿದ್ದಾಗ, ಗಂಟು ಅವರ ಮೂವರಿಗೂ ಸಿಗದ ಜಾಗದಲ್ಲಿತ್ತು ಎಂದು ಅವರಲ್ಲೇ ಒಬ್ಬರು ಹೇಳುತ್ತಿದ್ದಾರೆ. ಹೆಸರಿನ ಜಗಳದಲ್ಲಿ ಮೇಲೆ ಕೆಳಗೆ ಇದ್ದವರು ಹಣದ ಲೆಕ್ಕದಲ್ಲಿ ಒಂದೇ ಸಾಲಿನಲ್ಲಿ ಕೂತರು. ಕಂಗಾಣಿ ಕಾಲ ಮುಗಿದಿದೆ ಅಂದವರು ಯಾರು?

6

ಈಗ ನಮ್ಮ ಎಡಪಂಥದ ಗೆಳೆಯರ ಒಂದು ಮಾತಿಗೆ ಉತ್ತರ ಕೊಡಬೇಕು. 'ಒಪ್ಪಾರಿ ಸಮುದಾಯದ ಸೊತ್ತು. ಅದನ್ನು ನನ್ನದು ಅನ್ನೋದು ವ್ಯಕ್ತಿವಾದ ಅಲ್ವೇನ್ರೀ? ನಾವೆಲ್ಲ ಹೋರಾಟದ ಹಾಡು ಹೆಸರಿಲ್ಲದೆ ಹಾಡಿದವರು' ಎನ್ನುತ್ತಾರೆ. ಮಾತು ತೂಕದ್ದೇ. ಬೀದಿಯಲ್ಲಿ, ಜಾಥಾದಲ್ಲಿ, ಕೋಲಾರದಿಂದ ಕಲಬುರಗಿವರೆಗೆ ಹಾಡಿದ ಹಾಡುಗಳಿಗೆ ಯಾರೂ ಒಡೆತನ ಕೇಳಲಿಲ್ಲ. ಆದರೆ ಹೆಸರಿರುವವನು ಹೆಸರು ಬಿಟ್ಟರೆ ಅದು ತ್ಯಾಗ. ಹೆಸರೇ ಇಲ್ಲದಂತೆ ಇಟ್ಟವನಿಗೆ 'ನೀನೂ ತ್ಯಾಗ ಮಾಡು' ಅಂದರೆ ಅದು ಬಿಟ್ಟಿ ಚಾಕರಿ. ಜೀತದಾಳಿಗೆ ಆಸ್ತಿಯ ಮೋಹ ಬಿಡು ಎಂದು ಉಪದೇಶ ಮಾಡಿದ ಹಾಗೆ. ಇನ್ನೂ ಒಂದು. ಬೀದಿಯಲ್ಲಿ ಹಾಡಿದ ಹಾಡನ್ನು ಯಾರೂ ಮಾರಿಕೊಳ್ಳುತ್ತಿರಲಿಲ್ಲ. ಮಾರಾಟಕ್ಕಿಟ್ಟ ಹಾಡಿನಲ್ಲಿ 'ಸಮುದಾಯದ ಸೊತ್ತು' ಎಂಬ ಮಾತು ಬಂದರೆ, ಸಮುದಾಯಕ್ಕೆ ಪಾಲೆಷ್ಟು ಎಂಬ ಮಾತೂ ಬರಬೇಕು. ಒಂದನ್ನು ಹೇಳಿ ಇನ್ನೊಂದನ್ನು ನುಂಗಬಾರದು.

ಕಾನೂನು ಕೂಡ ಇಷ್ಟು ಕುರುಡಾಗಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಸಂಗೀತ ಕಟ್ಟಿದವನು ಅದನ್ನು ಸ್ವರಲಿಪಿಯಲ್ಲಿ ಬರೆದಿರಲಿ ಬಿಡಲಿ, ಕಟ್ಟಿದವನೇ ಸಂಗೀತಕಾರ. ಬಾಯಲ್ಲಿ ಕಟ್ಟಿದ ರಾಗಕ್ಕೂ ಕಾನೂನಿನಲ್ಲಿ ಜಾಗವಿದೆ. 2012ರ ತಿದ್ದುಪಡಿ ಮಾತು ಬರೆದವನಿಗೂ ರಾಗ ಕಟ್ಟಿದವನಿಗೂ ರಾಯಲ್ಟಿಯಲ್ಲಿ, ಬಿಟ್ಟುಕೊಡಲಾಗದ ಹಕ್ಕು ಕೊಟ್ಟಿತು. ಆದರೆ ಅಜ್ಜಿಯರ ಒಪ್ಪಾರಿಗೆ ಈ ಕಾಯ್ದೆಯಲ್ಲಿ ಗೂಡಿಲ್ಲ. ಅದು ಯಾರದೂ ಅಲ್ಲ, ಆದ್ದರಿಂದ ಮೊದಲು ಮೈಕಿನ ಮುಂದೆ ನಿಂತವನದು. ಬಂಜರು ಜಮೀನಿಗೆ ಮೊದಲು ಬೇಲಿ ಹಾಕಿದವನೇ ಒಡೆಯ ಎಂಬ ಹಳೆ ನ್ಯಾಯ ಇಲ್ಲಿ ಹಾಡಿಗೂ ಬಂದಿದೆ.

ಹೆಸರು ಹಾಕುವುದು ವ್ಯಕ್ತಿವಾದ ಅನ್ನುವವರು ಒಂದು ಸಲ ನಮ್ಮ ವಚನಕಾರರ ಕಡೆ ತಿರುಗಿ ನೋಡಲಿ. ಮಾದಾರ ಚೆನ್ನಯ್ಯನ ಅಂಕಿತದಲ್ಲಿ ಕೈಯುಳಿ, ಕತ್ತಿ, ಅಡಿಗೂಂಟ ಇವೆ. ಚರ್ಮದ ಕೆಲಸದ ಹತ್ಯಾರುಗಳೇ ಅವನ ಸಹಿ. ಅಷ್ಟು ಹಿಂದೆಯೇ ಒಬ್ಬ ಮಾದಾರ ತನ್ನ ಮಾತಿನ ಕೆಳಗೆ ತನ್ನ ಕಸುಬಿನ ಗುರುತು ಒತ್ತಿದ. ಅದು ಅಹಂಕಾರವಲ್ಲ. ಈ ಮಾತು ಯಾರ ಕೈಯಿಂದ ಬಂತು ಎಂದು ಮುಂದಿನವರಿಗೆ ತಿಳಿಯಲಿ ಎಂಬ ಎಚ್ಚರ. ಅರಿವು ಮಾಡಿದ್ದೂ ಅದನ್ನೇ. ತಾನು ವಳ್ಳಿಯಮ್ಮನ ಮೊಮ್ಮಗ ಎಂದು ಹಾಡಿನೊಳಗೇ ಹೇಳಿಕೊಂಡಿದ್ದಾರೆ. ಅದು ಅಂಕಿತ. ತಂದೆಯ ಹೆಸರಲ್ಲ, ಜಾತಿಯ ಹೆಸರಲ್ಲ, ಊರ ಹೆಸರಲ್ಲ, ತೋಟದ ಕೂಲಿ ಮಾಡಿದ ಅಜ್ಜಿಯ ಹೆಸರು. ಅಂದರೆ ಅವರು ಕೇಳಿದ ಹೆಸರು ತನ್ನೊಬ್ಬನದಲ್ಲ, ಹಾಡಿದವಳದೂ ಹೌದು. ವ್ಯಕ್ತಿಯೋ ಸಮುದಾಯವೋ ಎಂಬ ನಮ್ಮ ಗೆಳೆಯರ ಜಗಳಕ್ಕೆ ಆ ಒಂದು ಅಂಕಿತದಲ್ಲೇ ಉತ್ತರವಿದೆ. ಕೋಟಿ ಕೋಟಿ ಸಲ ಕೇಳಿಸಿಕೊಂಡ ಕಿವಿಗಳು ಆ ಅಂಕಿತವನ್ನು ಮಾತ್ರ ಕೇಳಿಸಿಕೊಳ್ಳಲಿಲ್ಲ. 2024ರಲ್ಲಿ ಅರಿವು 'ವಳ್ಳಿಯಮ್ಮಾ ಪೇರಾಂಡಿ' ಎಂಬ ಹೆಸರಿನಲ್ಲೇ ಹೊಸ ಹಾಡಿನ ಗುಚ್ಛ ತಂದರು. ಒಳಗಿದ್ದ ಅಂಕಿತವನ್ನು ಈ ಸಲ ಬಾಗಿಲ ಮೇಲೇ ಬರೆದರು. ಯಾರೂ ಅದನ್ನು ಕತ್ತರಿಸಿ ಕುಣಿಯುವ ಹಾಗಿಲ್ಲ.

ತಮಿಳು ಹಾಡಿನ ಬಗ್ಗೆ ಇಷ್ಟು ಬರೆದು ನಮ್ಮ ಮನೆ ಬಿಟ್ಟರೆ ಆಗದು. ನಮ್ಮಲ್ಲಿ ತಮಟೆಯವರನ್ನು ಮೆರವಣಿಗೆಗೆ ಕರೆಸಿ, ಆಹ್ವಾನ ಪತ್ರಿಕೆಯಲ್ಲಿ 'ಜಾನಪದ ಕಲಾತಂಡಗಳು' ಎಂದು ಒಂದೇ ಸಾಲು ಅಚ್ಚು ಹಾಕುತ್ತಾರೆ. ಭಾಷಣಕಾರರ ಹೆಸರು, ಪದವಿ ಸಮೇತ, ಇಪ್ಪತ್ತು ಸಾಲು. ತಮಟೆ ಹೊಡೆದವನಿಗೆ ಬಸ್‌ಚಾರ್ಜು, ಒಂದು ಪೊಟ್ಟಣ ಚಿತ್ರಾನ್ನ. ನೀಲಗಾರರ, ಕಂಸಾಳೆಯವರ ಪದಗಳನ್ನು ಸಿನಿಮಾದವರು ಎತ್ತಿ ಹಾಡಾಗಿಸುತ್ತಾರೆ, 'ಜನಪದ' ಎಂದು ಬರೆದು ಕೈ ತೊಳೆಯುತ್ತಾರೆ. ಆದ್ದರಿಂದ ನಮ್ಮ ಮಾತು ಮೂರು. ಹಾಡು ಸಂಗ್ರಹಿಸುವವರು ಹಾಡಿದವಳ ಹೆಸರನ್ನು ತಮ್ಮ ಹೆಸರಿನ ಮೇಲೆ ಹಾಕಲಿ. ಆಹ್ವಾನ ಪತ್ರಿಕೆ ಅಚ್ಚು ಹಾಕುವ ಸಂಘಟನೆಗಳು, ನಮ್ಮ ಸಂಘಟನೆಗಳೂ ಸೇರಿ, ತಮಟೆಯವರ ಒಬ್ಬೊಬ್ಬರ ಹೆಸರೂ ಹಾಕಲಿ. ಸ್ಟುಡಿಯೋಗೆ ಹೋಗುವ ನಮ್ಮ ಹುಡುಗರು ಹಾಡುವ ಮೊದಲು ಕರಾರು ಓದಲಿ. ಓದಲು ಬಾರದಿದ್ದರೆ ಓದಬಲ್ಲ ವಕೀಲ ಗೆಳೆಯನನ್ನು ಜೊತೆಗೆ ಕರಕೊಂಡು ಹೋಗಲಿ. ಹೆಬ್ಬೆಟ್ಟು ಒತ್ತಿ ಜಮೀನು ಕಳಕೊಂಡವರ ಮೊಮ್ಮಕ್ಕಳು ನಾವು. ಸಹಿ ಹಾಕಿ ಹಾಡು ಕಳಕೊಳ್ಳುವುದು ಬೇಡ.